ನಂಬರ್ ಕೊಟ್ಟರೆ ಸಾಲದು, ಜೊತೆಗೆ ಹೋಗಬೇಕು

ಯುವಜನ ಅಧ್ಯಯನ ಪಾಠ: ಸೆಪ್ಟೆಂಬರ್ ತಿಂಗಳ ಸಭೆಗೆ



ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರ ಜನನದ ಹಬ್ಬ. ಅದಾದ ಎರಡೇ ದಿನಕ್ಕೆ, 10ನೇ ತಾರೀಕು, ವಿಶ್ವ ಆತ್ಮಹತ್ಯೆ ತಡೆ ದಿನ. 2003ರಿಂದ ಈ ದಿನವನ್ನು ಪ್ರಪಂಚದಾದ್ಯಂತ ಆಚರಿಸುತ್ತಿದ್ದಾರೆ. ನಮ್ಮ ಧರ್ಮಕೇಂದ್ರದಲ್ಲಿ ಈವರೆಗೆ ಆಚರಿಸಿಲ್ಲ. ಈ ಸಲದ ಯುವಜನ ಸಭೆಯಲ್ಲಿ ಇದೇ ವಿಷಯ ಇಟ್ಟುಕೊಳ್ಳೋಣ ಎಂದು ಗುರುಗಳನ್ನು ಕೇಳಿದೆ. ಅವರು ಕೂಡಲೇ ಒಪ್ಪಿದರು.

ನಾನು ಬಿ.ಎಸ್ಸಿ. ಓದಿದವಳು, ವೈದ್ಯಳಲ್ಲ. ಓದಿ, ವಿಚಾರಿಸಿ, ಒಂದು ಸಲ ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಈಗ ಬದುಕು ಸಾಕಾಗಿದೆ ಎನ್ನಿಸುತ್ತಿದ್ದರೆ, ಮುಂದಿನದನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ, ಕನ್ನಡ ಬೇಕು ಎಂದು ಹೇಳಿ. ಹಗಲಿರಲಿ ರಾತ್ರಿಯಿರಲಿ, ದುಡ್ಡು ಬೀಳುವುದಿಲ್ಲ. ಫೋನ್ ಮಾಡಲು ಆಗದಿದ್ದರೆ ಎದ್ದು ಹೋಗಿ ಮನೆಯಲ್ಲಿ ಯಾರ ಪಕ್ಕದಲ್ಲಾದರೂ ಕುಳಿತುಕೊಳ್ಳಿ. "ನನ್ನ ಜೊತೆ ಸ್ವಲ್ಪ ಹೊತ್ತು ಇರಿ" ಎಂದರೆ ಸಾಕು.

ನನ್ನ ತಪ್ಪು

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಮ್ಮ ಗಾನವೃಂದದಲ್ಲಿ ಹಾಡುತ್ತಿದ್ದ ಒಬ್ಬ ಹುಡುಗ. ಬೆಟ್ಟದ ಕೆಳಗೆ ಕಾಲೇಜಿಗೆ ಹೋಗಿದ್ದ. ಅಲ್ಲಿ ಪಾಠವೆಲ್ಲ ತಮಿಳು, ಇಂಗ್ಲಿಷು. ಎರಡು ವಿಷಯದಲ್ಲಿ ಫೇಲಾದ. ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಭಾನುವಾರ ಪೂಜೆಗೆ ಬಂದರೂ ಹಿಂದೆ ನಿಂತು ಬೇಗ ಹೊರಟುಬಿಡುತ್ತಿದ್ದ. ಒಂದು ದಿನ ನನ್ನ ಹತ್ತಿರ ಬಂದು, "ಅಕ್ಕಾ, ನನ್ನ ಗಿಟಾರು ನಿಮ್ಮ ತಮ್ಮನಿಗೇ ಇರಲಿ. ನನಗೆ ಇನ್ನು ಬೇಕಾಗಲ್ಲ" ಎಂದ.

ನಾನು ನಕ್ಕುಬಿಟ್ಟೆ. "ಯಾಕೋ ಇಷ್ಟು ಬೇಜಾರು? ಜಪಸರ ಮಾಡು, ಎಲ್ಲ ಸರಿ ಹೋಗುತ್ತೆ" ಎಂದೆ. ಆದರೂ ಮನಸ್ಸಿಗೆ ಏನೋ ಚುಚ್ಚಿತು. ಮನೆಗೆ ಹೋಗಿ ಎಲ್ಲೋ ನೋಡಿದ ಒಂದು ಸಹಾಯವಾಣಿಯ ನಂಬರನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವನು ಕೈಮುಗಿಯುವ ಚಿತ್ರ ಒಂದನ್ನು ಕಳಿಸಿದ. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಎಂಟು ದಿನವಾದ ಮೇಲೆ ರಾತ್ರಿ ಅವನ ತಂಗಿ ಫೋನ್ ಮಾಡಿದಳು. "ಅಕ್ಕಾ, ಅಣ್ಣ ಒಂತರಾ ಮಾತಾಡ್ತಾವ್ನೆ. ಒಸಿ ಬನ್ನಿ." ಅಪ್ಪನ ಜೊತೆ ಹೋದೆ. ಆ ರಾತ್ರಿ ಅವನು ಹೇಳಿದ: ನಾನು ಕಳಿಸಿದ ನಂಬರಿಗೆ ಒಂದು ಸಲ ಫೋನ್ ಮಾಡಿದ್ದನಂತೆ. ಆ ಕಡೆಯಿಂದ ಬೇರೆ ಭಾಷೆ ಕೇಳಿಸಿತಂತೆ. "ತರಕಾರಿ ಮಾರೋಕೆ, ಬಸ್ಸಲ್ಲಿ ಟಿಕೆಟ್ ತಗೊಳ್ಳೋಕೆ ನಂಗೆ ತಮಿಳು ಬತ್ತದೆ ಅಕ್ಕಾ. ಇದನ್ನ ಹೇಳೋಕೆ ಬರಲ್ಲ" ಎಂದು ಇಟ್ಟುಬಿಟ್ಟಿದ್ದನಂತೆ.

ಆ ಮಾತನ್ನು ನಾನು ಮರೆತಿಲ್ಲ. ನಮ್ಮ ಧರ್ಮಕ್ಷೇತ್ರದಲ್ಲಿ ಪೂಜೆ ತಮಿಳಿನಲ್ಲಿ ಉಂಟು, ಕನ್ನಡದಲ್ಲಿ ಉಂಟು, ಮಲಯಾಳದಲ್ಲೂ ಉಂಟು. ನಾವು ಎರಡು ಮೂರು ಭಾಷೆಯಲ್ಲಿ ವ್ಯವಹಾರ ಮಾಡುತ್ತೇವೆ. ಆದರೆ ಅಳುವುದು ಒಂದೇ ಭಾಷೆಯಲ್ಲಿ. ಆದ್ದರಿಂದ ಈ ಪಾಠದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ: ನಂಬರ್ ಕೊಡುವುದು ಸಹಾಯದ ಆರಂಭ ಮಾತ್ರ. ಅವರ ಮಾತು ಅರ್ಥವಾಗುವ ಒಬ್ಬರು ಸಿಗುವ ತನಕ ನಾವು ಜೊತೆಯಲ್ಲಿರಬೇಕು.

1. ಗುರುತಿಸುವುದು

ನಮ್ಮ ಕಡೆ ಯಾರೂ "ನನಗೆ ಖಿನ್ನತೆ" ಎಂದು ಹೇಳುವುದಿಲ್ಲ. "ತಲೆನೋವು", "ಗ್ಯಾಸ್ಟ್ರಿಕ್ಕು", "ಮೈಕೈ ನೋವು", "ಎದೆ ಭಾರ", "ನಿದ್ದೆ ಹತ್ತಲ್ಲ" ಎನ್ನುತ್ತಾರೆ. ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಇಷ್ಟದ ಕೆಲಸವೂ ಬೇಡವಾಗಿ, ನಿದ್ದೆ ಊಟ ಕೆಟ್ಟಿದ್ದರೆ ಅದು ಕಾಯಿಲೆ ಇರಬಹುದು. ಕಾಯಿಲೆಗೆ ಔಷಧಿ ಉಂಟು.

ಇನ್ನು ಕೆಲವು ಸೂಚನೆಗಳನ್ನು ಕಂಡರೆ ತಡ ಮಾಡಬಾರದು:

- "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ", "ಇನ್ನು ಸ್ವಲ್ಪ ದಿನ ಅಷ್ಟೇ" ಎಂಬಂಥ ಮಾತು.
- ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಸಾಲ ಲೆಕ್ಕ ಇದ್ದಕ್ಕಿದ್ದಂತೆ ಮುಗಿಸುವುದು, ವಿದಾಯ ಹೇಳುವ ಹಾಗೆ ಮಾತಾಡುವುದು.
- ಜನರಿಂದ ದೂರ ಸರಿಯುವುದು, ಕುಡಿತ ಹೆಚ್ಚಾಗುವುದು.
- ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾಗುವುದು.

ಗಿಟಾರು ಕೊಟ್ಟದ್ದು ಇಂಥದ್ದೇ ಒಂದು ಸೂಚನೆ. ನನಗೆ ಗೊತ್ತಾಗಲಿಲ್ಲ.

ಇದು ಎಲ್ಲೋ ದೂರದ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಾಖಲಾದ ಕಾರಣಗಳಲ್ಲಿ ಮೊದಲನೆಯದು ಕುಟುಂಬದ ಸಮಸ್ಯೆ, ಎರಡನೆಯದು ಕಾಯಿಲೆ. ಆದರೆ ಒಂದೇ ಕಾರಣದಿಂದ ಯಾರೂ ಈ ಸ್ಥಿತಿಗೆ ಬರುವುದಿಲ್ಲ. ಸಾಲ, ಫೇಲು, ಪ್ರೀತಿ ಮುರಿದದ್ದು, ಕುಡಿತ, ಹೊಡೆತ, ಚಿಕಿತ್ಸೆ ಆಗದ ಮನಸ್ಸಿನ ಕಾಯಿಲೆ ಹೀಗೆ ಹಲವು ಸೇರಿಕೊಳ್ಳುತ್ತವೆ. ಹಾಗಾಗಿ ಅದರಲ್ಲಿ ಒಂದನ್ನು ಸಡಿಲಿಸಿದರೂ ಉಸಿರಾಡಲು ಜಾಗ ಸಿಗುತ್ತದೆ.

2. ಕೇಳುವುದು

"ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುವುದಿಲ್ಲವೇ?" ಎಂದು ನನ್ನ ಅಮ್ಮನೇ ಕೇಳಿದರು. ಇಲ್ಲ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಕೇಳಿದಾಗ ಎಷ್ಟೋ ಜನರಿಗೆ ಹಗುರವಾಗುತ್ತದೆ, ಒಬ್ಬರಿಗಾದರೂ ಗೊತ್ತಾಯಿತಲ್ಲ ಎಂದು.

ಯಾರೂ ಇಲ್ಲದ ಕಡೆ ಕುಳಿತು, ಮೆಲ್ಲಗೆ ಹೀಗೆ ಕೇಳಿ: "ಇಷ್ಟು ಕಷ್ಟ ಬಂದಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿನಗೂ ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ?" ದೊಡ್ಡವರಾದರೆ "ನಿಮಗೂ ಹಾಗೆ ಅನ್ನಿಸ್ತಾ ಇದೆಯಾ ಚಿಕ್ಕಪ್ಪಾ?" ಎಂದು ಕೇಳಬಹುದು. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಸಮಯ ಬೇಕು.

"ಹೌದು" ಎಂದರೆ ಗಾಬರಿ ತೋರಿಸಬೇಡಿ, ಬುದ್ಧಿವಾದ ಬೇಡ. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. ಆಮೇಲೆ ಕೇಳಿ: ಹೇಗೆ ಎಂದು ಯೋಚಿಸಿದ್ದೀಯಾ? ಅದಕ್ಕೆ ಬೇಕಾದದ್ದು ಹತ್ತಿರದಲ್ಲಿದೆಯಾ? ಇವತ್ತೇ ಎನ್ನಿಸುತ್ತಿದೆಯಾ? ಇದಕ್ಕೆಲ್ಲ ಹೌದು ಎಂದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಇನ್ನೊಬ್ಬರನ್ನು ಕರೆಯಿರಿ. ಆಸ್ಪತ್ರೆಗೆ ಅವತ್ತೇ ಹೋಗಬೇಕು.

ಹೇಳಬಾರದ ಮಾತುಗಳು: "ನಿನಗೇನು ಕಮ್ಮಿಯಾಗಿದೆ?" "ಅಪ್ಪ ಅಮ್ಮನ ಮುಖ ನೋಡಬಾರದಾ?" "ನಿನ್ನ ವಿಶ್ವಾಸ ಸಾಲದು." ಇವೆಲ್ಲ ನಾಚಿಕೆಯನ್ನು ಹೆಚ್ಚಿಸುತ್ತವೆ, ಬಾಯಿ ಮುಚ್ಚಿಸುತ್ತವೆ. "ಯಾರಿಗೂ ಹೇಳಲ್ಲ" ಎಂದು ಮಾತನ್ನೂ ಕೊಡಬೇಡಿ. "ಊರಿಗೆಲ್ಲ ಹೇಳಲ್ಲ. ಆದರೆ ನಿನ್ನ ಜೀವಕ್ಕೆ ಬೇಕಾದವರಿಗೆ ಹೇಳಲೇಬೇಕು. ಯಾರಿಗೆ ಹೇಳೋಣ, ನೀನೇ ಹೇಳು" ಎಂದು ಕೇಳಿ.

3. ಫೋನಿನಲ್ಲಿ ಸಿಗುವ ಸಹಾಯ

ಟೆಲಿ ಮಾನಸ್, ನಂಬರ್ 14416. ಇನ್ನೊಂದು ನಂಬರ್ 1800-891-4416. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 24 ಗಂಟೆಯೂ ನಡೆಯುತ್ತದೆ, ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿದೆ.

ಫೋನ್ ಮಾಡಿದಾಗ ಮೊದಲು ರೆಕಾರ್ಡ್ ಮಾಡಿದ ಧ್ವನಿ ಭಾಷೆ ಆರಿಸಲು ಹೇಳುತ್ತದೆ. ಹೆದರಿ ಇಡಬೇಡಿ. ಕನ್ನಡಕ್ಕೆ ಯಾವ ಗುಂಡಿ ಎಂದು ಹೇಳುವ ತನಕ ಕೇಳಿ, ಅದನ್ನೇ ಒತ್ತಿ. ತಮಿಳು ಮಾತಾಡುವವರು ಸಿಕ್ಕರೂ ಪರವಾಗಿಲ್ಲ. "ಕನ್ನಡಂ ವೇಣುಂ" ಎಂದರೆ ಸಾಕು, ಕನ್ನಡದವರಿಗೆ ಕೊಡಲು ಕೇಳಿಕೊಳ್ಳಿ. ನಾವು ಇರುವುದು ತಮಿಳುನಾಡಿನಲ್ಲಿ, ಕನ್ನಡ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಸಂಕೋಚ ಬೇಡ.

ಮೊದಲು ಮಾತಾಡುವವರು ತರಬೇತಿ ಪಡೆದ ಸಲಹೆಗಾರರು. ಅವರ ಕೈಯಲ್ಲಿ ಆಗದಿದ್ದರೆ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ಕರೆ ದಾಟಿಸುತ್ತಾರೆ. ಮುಖತಃ ಚಿಕಿತ್ಸೆ ಬೇಕಾದರೆ ಹತ್ತಿರದ ಸರ್ಕಾರಿ ಸೇವೆಯ ದಾರಿ ತೋರಿಸುತ್ತಾರೆ. ಕಷ್ಟದಲ್ಲಿರುವವರೇ ಮಾಡಬೇಕೆಂದಿಲ್ಲ. "ನನ್ನ ಅಣ್ಣ ಹೀಗಿದ್ದಾನೆ, ನಾನು ಏನು ಮಾಡಲಿ?" ಎಂದು ತಂಗಿಯೂ ಕೇಳಬಹುದು.

ನಮ್ಮ ಹುಡುಗನಿಗೆ ಆ ರಾತ್ರಿ ನಾನೇ 14416ಕ್ಕೆ ಹಚ್ಚಿ, ಕನ್ನಡ ಬರುವ ತನಕ ಕಾದು, "ಈಗ ಮಾತಾಡು" ಎಂದು ಫೋನನ್ನು ಅವನ ಕೈಗೆ ಕೊಟ್ಟೆ. ಅಷ್ಟೇ ನಾನು ಮಾಡಿದ್ದು. ಅವನು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಮಾತಾಡಿದ.

ಇವನ್ನೂ ಬರೆದಿಟ್ಟುಕೊಳ್ಳಿ: ತಮಿಳುನಾಡು ಸರ್ಕಾರದ ಆರೋಗ್ಯ ಸಹಾಯವಾಣಿ 104. ಮಕ್ಕಳಿಗೆ 1098. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಕ್ಕಳಿಗೆ 181. ತಮಿಳು ಸಲೀಸಾಗಿ ಬರುವವರಿಗೆ ಚೆನ್ನೈನ ಸ್ನೇಹಾ ಸಂಸ್ಥೆ ಉಂಟು, 044-24640050. ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಆತ್ಮಹತ್ಯೆ ತಡೆಗೆಂದೇ ಅದನ್ನು ಆರಂಭಿಸಿದರು.

4. ಆಸ್ಪತ್ರೆ: ಆ ಕಡೆಯೋ, ಈ ಕಡೆಯೋ?

ತಾಳವಾಡಿ ಸೀಮೆಯ ನಮಗೆ ಇದು ದೊಡ್ಡ ಪ್ರಶ್ನೆ. ನಮ್ಮ ಜಿಲ್ಲಾ ಕೇಂದ್ರ ಈರೋಡು. ಅಲ್ಲಿಗೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಗಡಿ ದಾಟಿದರೆ ಚಾಮರಾಜನಗರ ಹತ್ತಿರ.

ಜೀವಕ್ಕೆ ಅಪಾಯ ಇದ್ದಾಗ ರಾಜ್ಯ ನೋಡಬೇಡಿ, ಹತ್ತಿರ ನೋಡಿ. ರೇಷನ್ ಕಾರ್ಡ್ ಯಾವ ರಾಜ್ಯದ್ದು ಎಂಬುದನ್ನು ಆಮೇಲೆ ನೋಡಿಕೊಳ್ಳೋಣ. 108 ಎರಡೂ ರಾಜ್ಯದಲ್ಲಿ ಉಂಟು. ಆದರೆ ಗಡಿಯಲ್ಲಿ ನಮ್ಮ ಫೋನು ಆ ಕಡೆಯ ಟವರ್ ಹಿಡಿದಿರಬಹುದು. ಆದ್ದರಿಂದ ಊರಿನ ಹೆಸರಿನ ಜೊತೆಗೆ ತಾಲ್ಲೂಕು, ಜಿಲ್ಲೆ, ರಾಜ್ಯ ಮೂರನ್ನೂ ಹೇಳಿ. ಘಾಟಿಯಲ್ಲಿ ರಾತ್ರಿ ವಾಹನ ನಿರ್ಬಂಧ ಇದ್ದರೂ ಆಂಬುಲೆನ್ಸಿಗೆ ತಡೆಯಿಲ್ಲ.

ಯಾರಾದರೂ ಏನನ್ನಾದರೂ ಕುಡಿದಿದ್ದಾರೆ, ನುಂಗಿದ್ದಾರೆ ಎಂಬ ಅನುಮಾನ ಬಂದರೂ ಸಾಕು, ನೋಡಲು ಚೆನ್ನಾಗಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ವಿಷಗಳ ಪರಿಣಾಮ ತಡವಾಗಿ ಕಾಣುತ್ತದೆ. ಉಪ್ಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುವುದು ಹಳ್ಳಿಯಲ್ಲಿ ರೂಢಿ. ಅದರಿಂದ ಕೆಡುಕೇ ಹೆಚ್ಚು, ಮಾಡಬೇಡಿ. ಡಬ್ಬಿಯನ್ನೋ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ತುರ್ತು ಇಲ್ಲದಿದ್ದರೆ ಮೊದಲ ಮೆಟ್ಟಿಲು ನಮ್ಮ ಸರ್ಕಾರಿ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದೊಂದು ಉಂಟು. ಇದರ ಬೇರು ಇರುವುದು ಕನ್ನಡ ನಾಡಿನ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಈ ಕಾರ್ಯಕ್ರಮ ಆರಂಭಿಸಿತು.

ಒ.ಪಿ. ಚೀಟಿ ಕೊಡುವಲ್ಲಿ ಮೂರು ಪ್ರಶ್ನೆ ಕೇಳಿ. ಮನೋವೈದ್ಯರು ಯಾವ ದಿನ, ಎಲ್ಲಿ ಸಿಗುತ್ತಾರೆ? ಕನ್ನಡ ಬರುವ ಸಿಬ್ಬಂದಿ ಯಾರು? ಮಾತ್ರೆ ಎಷ್ಟು ದಿನಕ್ಕೆ ಕೊಡುತ್ತಾರೆ? ಇದಕ್ಕೆ ಉತ್ತರ ತಿಳಿದುಕೊಂಡು ಹೋದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ.

ಹೆಚ್ಚಿನ ಚಿಕಿತ್ಸೆಗೆ ನಮ್ಮ ಜಿಲ್ಲೆಯಲ್ಲಿ ಪೆರುಂದುರೈಯ ಸರ್ಕಾರಿ ಈರೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಉಂಟು. ಕನ್ನಡದಲ್ಲೇ ಮಾತಾಡಬೇಕು ಎನ್ನುವವರಿಗೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಸಂಸ್ಥೆ. ತಮಿಳುನಾಡು, ಆಂಧ್ರ, ಕೇರಳದಿಂದಲೂ ಜನ ಅಲ್ಲಿಗೆ ಬರುತ್ತಾರೆ. ಅದರ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

5. ಭಾಷೆ ದಾಟಿಸುವವರು ಯಾರು?

ತಮಿಳು ವೈದ್ಯರ ಹತ್ತಿರ ಹೋಗಬೇಕಾದರೆ ಜೊತೆಗೆ ತಮಿಳು ಬಲ್ಲವರು ಹೋಗುತ್ತಾರೆ. ಅದು ಯಾರು ಎಂಬುದು ಬಹಳ ಮುಖ್ಯ.

ಗಂಡನ ಹೊಡೆತದಿಂದ ಕುಗ್ಗಿದ ಹೆಂಡತಿಗೆ ಗಂಡನೇ ಭಾಷಾಂತರ ಮಾಡಿದರೆ ಅವಳು ಏನು ಹೇಳಿಯಾಳು? ಶಾಲೆಯಲ್ಲಿ ತಮಿಳು ಕಲಿತ ಹತ್ತು ವರ್ಷದ ಮಗಳ ಬಾಯಲ್ಲಿ "ಅಮ್ಮನಿಗೆ ಸಾಯಬೇಕು ಅನ್ನಿಸುತ್ತಂತೆ" ಎಂದು ಹೇಳಿಸುವುದು ಸರಿಯೇ? ಮಗುವಿನ ಮೇಲೆ ಆ ಭಾರ ಹಾಕಬಾರದು. ನಮ್ಮ ಯುವಜನ ಸಂಘದಲ್ಲಿ, ಮರಿಯಾ ಸಭೆಯಲ್ಲಿ ಎರಡೂ ಭಾಷೆ ಚೆನ್ನಾಗಿ ಬರುವವರಿದ್ದಾರೆ. ಬಾಯಿ ಬಿಡದ, ನಂಬಿಕೆಯ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಮುಂದೆ ಬಂದರೆ ಸಾಕು.

ಭಾಷೆ ದಾಟಿಸುವವರು ಅವರು ಹೇಳಿದ್ದನ್ನೇ ಹೇಳಬೇಕು, ತಮ್ಮದನ್ನು ಸೇರಿಸಬಾರದು, ಕಷ್ಟದ ಮಾತನ್ನು ಮೆತ್ತಗೆ ಮಾಡಿ ಹೇಳಬಾರದು. ಕೇಳಿದ್ದನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬರಬೇಕು. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗಿನಿಂದ, ನಿದ್ದೆ ಹೇಗಿದೆ, ಊಟ ಹೇಗಿದೆ, ಏನು ಯೋಚನೆ, ಮೊದಲು ಯಾವ ಮಾತ್ರೆ ತೆಗೆದುಕೊಂಡಿದ್ದರು, ಕುಡಿತ ಉಂಟೇ. ಒಳಗೆ ಹೋದಾಗ ಎಲ್ಲ ಮರೆತುಹೋಗುತ್ತದೆ, ಹಾಳೆ ಮರೆಯುವುದಿಲ್ಲ.

6. ಕಾನೂನು, ಪೊಲೀಸು

"ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ" ಎಂಬ ಹೆದರಿಕೆಯಿಂದ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಅದಕ್ಕೆ ಹೆದರಬೇಕಿಲ್ಲ.

ಅದೇ ಕಾಯ್ದೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು, ಗುಟ್ಟು ಕಾಪಾಡುವ ಹಕ್ಕು ಎರಡೂ ಇವೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸೇವೆ ಉಚಿತ. ಬಿ.ಪಿ.ಎಲ್. ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಆ ಹಕ್ಕು ಇರುತ್ತದೆ.

7. ಧರ್ಮಸಭೆ ಏನು ಹೇಳುತ್ತದೆ?

"ಇದು ಮಹಾಪಾಪ, ಗುರುಗಳಿಗೆ ಹೇಗೆ ಹೇಳುವುದು?" ಎಂದು ಎಷ್ಟೋ ಜನ ಒಳಗೇ ಕೊರಗುತ್ತಾರೆ. "ಅಂಥವರಿಗೆ ಚರ್ಚಿನಲ್ಲಿ ಪೂಜೆ ಇಲ್ಲ, ಸಮಾಧಿಗೆ ಜಾಗ ಇಲ್ಲ" ಎಂದು ಹಿರಿಯರು ಹೇಳಿದ್ದನ್ನು ನಾವು ಕೇಳಿದ್ದೇವೆ. ಹಿರಿಯರು ಸುಳ್ಳು ಹೇಳಲಿಲ್ಲ. 1917ರ ಧರ್ಮಸಭಾ ಕಾನೂನಿನಲ್ಲಿ ಅಂಥ ನಿಷೇಧ ಇತ್ತು. 1983ರ ಹೊಸ ಕಾನೂನು ಸಂಹಿತೆಯಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಜೀವ ದೇವರ ದಾನ, ಅದನ್ನು ನಾವು ಕಾಪಾಡಬೇಕು ಎಂಬ ಬೋಧನೆ ಬದಲಾಗಿಲ್ಲ. ಆದರೆ ಕಥೋಲಿಕ ಧರ್ಮೋಪದೇಶದ 2282 ಮತ್ತು 2283ನೇ ಪರಿಚ್ಛೇದಗಳನ್ನು ಓದಿ ನೋಡಿ. ತೀವ್ರ ಮಾನಸಿಕ ತೊಂದರೆ, ಯಾತನೆ, ಭಯ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತವೆ, ಹಾಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂಬುದೇ ಅಲ್ಲಿರುವ ಅರ್ಥ. ನಮ್ಮ ಊರಿನಲ್ಲೂ ಹೀಗೆ ಮಗನನ್ನೋ ತಾಯಿಯನ್ನೋ ಕಳೆದುಕೊಂಡ ಮನೆಗಳಿವೆ. ಆ ಮನೆಯವರನ್ನು ಕಾರಣ ಕೇಳಬೇಡಿ. ಬೇರೆ ಸಾವಿನ ಮನೆಗೆ ಹೋಗುವ ಹಾಗೇ ಹೋಗಿ. ಅಡುಗೆ ಮಾಡಿಕೊಂಡು ಹೋಗಿ, ತೀರಿಕೊಂಡವರ ಹೆಸರು ಹೇಳಿ ಮಾತಾಡಿ.

ಅರಸರ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವದೂತನು ಬೈಯುವುದಿಲ್ಲ, ಬೋಧಿಸುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ಮತ್ತೆ ಮಲಗಿದರೆ ಮತ್ತೊಮ್ಮೆ ಬಂದು ಮತ್ತೊಮ್ಮೆ ಕೊಡುತ್ತಾನೆ. ನಾವು ಮರೆಯುವುದು ಆ ಎರಡನೆಯ ಸಲವನ್ನೇ.

ಪ್ರಾರ್ಥನೆ ಬೇಕು, ಮಾತ್ರೆಯೂ ಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಜಪಸರ ಮಾಡುವ ಅಜ್ಜಿಯನ್ನು ವಿಶ್ವಾಸ ಇಲ್ಲದವರು ಎಂದು ಯಾರೂ ಹೇಳುವುದಿಲ್ಲ.

8. ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಬಿಡುಗಡೆಯಾದ ನಂತರದ ಮೊದಲ ವಾರಗಳು, ಮೊದಲ ಮೂರು ತಿಂಗಳು ಹೆಚ್ಚು ಎಚ್ಚರ ಬೇಕಾದ ಕಾಲ.

ಮಾತ್ರೆ: ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ "ಪ್ರಯೋಜನವಿಲ್ಲ" ಎಂದು, ಅಥವಾ ಚೆನ್ನಾದ ಕೂಡಲೇ "ಇನ್ನು ಬೇಡ" ಎಂದು ನಿಲ್ಲಿಸಬಾರದು. ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಮಾತ್ರೆಯನ್ನು ಮನೆಯವರೊಬ್ಬರು ಇಟ್ಟುಕೊಂಡು ದಿನದ ಲೆಕ್ಕಕ್ಕೆ ಕೊಡಲಿ.

ಬೀಗ: ನಮ್ಮದು ಕೃಷಿಯ ಊರು, ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇರುತ್ತದೆ. ಸಾಯುವ ಯೋಚನೆ ಎಷ್ಟೋ ಸಲ ಅಲೆಯ ಹಾಗೆ ಬಂದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಸ್ನೇಹಾ ಸಂಸ್ಥೆಯವರು ರೈತರ ಔಷಧಿಗಳನ್ನು ಮನೆಯಿಂದ ದೂರ, ಒಂದೇ ಕಟ್ಟಡದಲ್ಲಿ, ಅವರವರ ಬೀಗದ ಪೆಟ್ಟಿಗೆಯಲ್ಲಿ ಇಡುವ ವ್ಯವಸ್ಥೆ ಮಾಡಿ ನೋಡಿದ್ದಾರೆ. ನಾವು ಅಷ್ಟು ಮಾಡಲಾಗದಿದ್ದರೂ ಬೇಕಾದಷ್ಟೇ ತರುವುದು, ಉಳಿದದ್ದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಬೇರೆಯವರಲ್ಲಿ ಇಡುವುದು ಇವತ್ತೇ ಆಗುವ ಕೆಲಸ.

ಒಂದು ಹಾಳೆ: ಮನಸ್ಸು ಶಾಂತವಾಗಿರುವಾಗ ಅವರ ಜೊತೆ ಕುಳಿತು ಬರೆಯಿರಿ. ಕೆಟ್ಟ ಹೊತ್ತು ಬರುವ ಮೊದಲು ಏನಾಗುತ್ತದೆ? ಆಗ ನಾನೇ ಏನು ಮಾಡಬಲ್ಲೆ? ಯಾರ ಮನೆಗೆ ಹೋಗಬಲ್ಲೆ? ಯಾರಿಗೆ ಹೇಳಬಲ್ಲೆ? ವೈದ್ಯರ, ಸಹಾಯವಾಣಿಯ ನಂಬರ್ ಏನು? ಮನೆಯಲ್ಲಿ ಏನನ್ನು ದೂರ ಇಡಬೇಕು?

ಫೋನ್: ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಐದು ಕಡೆ ಒಂದು ಅಧ್ಯಯನ ನಡೆಸಿತು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದವರಲ್ಲಿ ಒಂದು ಗುಂಪಿನ ಜೊತೆ ಸುಮಾರು ಒಂದು ಗಂಟೆ ಮಾತಾಡಿ, ಮುಂದಿನ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. ಆ ಗುಂಪಿನಲ್ಲಿ ಆತ್ಮಹತ್ಯೆಯ ಸಾವು ಕಡಿಮೆಯಾಯಿತು. "ಹೇಗಿದ್ದೀಯಪ್ಪಾ?" ಎಂದು ಒಂಬತ್ತು ಸಲ ಕೇಳಲು ಡಿಗ್ರಿ ಬೇಕಿಲ್ಲ.

ನಮ್ಮ ಹುಡುಗನ ಜೊತೆ ಮೊದಲ ಸಲ ಆಸ್ಪತ್ರೆಗೆ ನಾನೂ ಅವನ ಮಾವನೂ ಹೋದೆವು. ವೈದ್ಯರಿಗೆ ಕನ್ನಡ ಸ್ವಲ್ಪ ಬರುತ್ತಿತ್ತು. ಉಳಿದದ್ದನ್ನು ಮಾವ ತಮಿಳಿನಲ್ಲಿ ಹೇಳಿದರು. ಎರಡನೆಯ ಸಲ ಅವನು ಬರಲ್ಲ ಎಂದ, ಆದರೂ ಕರೆದುಕೊಂಡು ಹೋದೆವು. ನಾಲ್ಕನೆಯ ಸಲ ಅವನೊಬ್ಬನೇ ಬಸ್ಸು ಹತ್ತಿದ. ಮಾತ್ರೆ ಇನ್ನೂ ನಡೆಯುತ್ತಿದೆ. ಕೆಲವು ದಿನ ಚೆನ್ನಾಗಿರುತ್ತಾನೆ, ಕೆಲವು ದಿನ ಇಲ್ಲ. ಗಿಟಾರನ್ನು ನನ್ನ ತಮ್ಮ ಅವನಿಗೆ ವಾಪಸ್ ಕೊಟ್ಟಿದ್ದಾನೆ.

ಸಭೆಯಲ್ಲಿ ಚರ್ಚೆಗೆ

1. "ಬೇಜಾರು" ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರು, ಯಾವಾಗ ಹೇಳುತ್ತಾರೆ? ಅದಕ್ಕೆ ನಾವು ಸಾಮಾನ್ಯವಾಗಿ ಏನು ಉತ್ತರ ಕೊಡುತ್ತೇವೆ?
2. ಎರಡನೆಯ ಭಾಗದಲ್ಲಿರುವ ನೇರ ಪ್ರಶ್ನೆಯನ್ನು ಇಬ್ಬಿಬ್ಬರಾಗಿ ಕುಳಿತು ಬಾಯಿಬಿಟ್ಟು ಕೇಳಿ ಅಭ್ಯಾಸ ಮಾಡಿ. ಯಾವ ಮಾತು ಕಷ್ಟವಾಯಿತು?
3. ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಭಾಷೆ ದಾಟಿಸಲು, ಜೊತೆಗೆ ಹೋಗಲು, ಗಾಡಿ ಕೊಡಲು ಯಾರು ಸಿದ್ಧರಿದ್ದಾರೆ?
4. ಇಂಥ ಸಾವು ಕಂಡ ಮನೆಗೆ ನಾವು ಹೋದೆವೇ, ದೂರ ನಿಂತೆವೇ?

ಈ ವಾರ ಮಾಡುವ ಕೆಲಸ

ಎಲ್ಲರೂ ತಮ್ಮ ಫೋನಿನಲ್ಲಿ 14416ನ್ನು "ಮನಸ್ಸು ಕನ್ನಡ" ಎಂಬ ಹೆಸರಿನಲ್ಲಿ ಉಳಿಸಿಕೊಳ್ಳಿ. ಹಾಗೆ ಇಟ್ಟರೆ ಹುಡುಕಲು ಸುಲಭ. ಆಮೇಲೆ, ಬಹಳ ದಿನದಿಂದ ಪೂಜೆಗೆ ಬಾರದ, ಹಿಂದೆ ನಿಂತು ಬೇಗ ಹೊರಡುವ ಒಬ್ಬರನ್ನು ನೆನೆಸಿಕೊಳ್ಳಿ. ಅವರಿಗೆ ಮೆಸೇಜು ಬೇಡ. ಮನೆಗೇ ಹೋಗಿ, ಒಂದು ಲೋಟ ಟೀ ಕುಡಿದು ಬನ್ನಿ. ಮುಂದಿನ ವಾರ ಮತ್ತೊಮ್ಮೆ ಹೋಗಿ.

ಪ್ರಭುವಿನ ಶಾಂತಿ ನಿಮ್ಮೊಡನಿರಲಿ.

ಯುವಜನ ಸಂಯೋಜಕಿ